ಬೀಟಾ ಹಾಕಿಕೊಂಡ್ರಾ? ಹಾಗಾದರೆ ಬಗ್ ರಿಪೋರ್ಟ್ ಎಲ್ಲಿ?

ನಮಸ್ಕಾರ ಎಲ್ಲರಿಗೂ. ಇವತ್ತು ಎಸ್‌ಎಸ್‌ಡಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್ ನೋಡಿ ಅದನ್ನು ಪಕ್ಕಕ್ಕೆ ಇಟ್ಟೆ. "ಬ್ರೋ, ಹೊಸ ಬೀಟಾ ಹಾಕಿದ್ದೀನಿ. ಸ್ಲೀಪ್‌ಗೆ ಹೋದರೆ ಮಾನಿಟರ್ ಏಳೋದೇ ಇಲ್ಲ. ಇಷ್ಟು ದೊಡ್ಡ ಕಂಪನಿ, ಟೆಸ್ಟ್ ಮಾಡದೆ ಬಿಡ್ತಾರಾ?" ನಾನು ಕೇಳಿದೆ, ರಿಪೋರ್ಟ್ ಹಾಕಿದ್ರಾ ಅಂತ. "ಅದು ನನ್ನ ಕೆಲಸ ಅಲ್ಲ" ಅಂದರು. ಅದಕ್ಕೆ ಸಾಲು ಸಾಲು ಲೈಕ್ ಬೇರೆ.

ಅಲ್ಲ, ಅದು ನಿಮ್ಮದೇ ಕೆಲಸ. ಬೀಟಾ ಅಂದರೆ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಬಿಡುಗಡೆ ಆಗುವ ಮೊದಲು ಪರೀಕ್ಷೆಗೆ ಅಂತ ಕೊಡುವ ಆವೃತ್ತಿ. ಅದರಲ್ಲಿ ಕಂಡ ತಪ್ಪನ್ನು, ಅಂದರೆ ಬಗ್ಗನ್ನು, ಮಾಡಿದವರಿಗೆ ಬರೆದು ತಿಳಿಸುವುದೇ ಬಗ್ ರಿಪೋರ್ಟ್. ಬೀಟಾ ಹಾಕಿಕೊಳ್ಳುವ ಹೊತ್ತಿಗೆ ಆ ಕೆಲಸಕ್ಕೆ ನೀವೇ ಕೈ ಎತ್ತಿದ್ದೀರಿ. ಇವತ್ತಿನ ನನ್ನ ಮಾತು ಇಷ್ಟೇ: ಬೀಟಾ ಹಾಕಿಕೊಂಡವರೆಲ್ಲ ಟೆಸ್ಟರ್ ಆಗುವುದಿಲ್ಲ. ಬಗ್ ರಿಪೋರ್ಟ್ ಬರೆದವರು ಮಾತ್ರ ಟೆಸ್ಟರ್.

ಕಂಪನಿ ಒಳಗೆ ಟೆಸ್ಟ್ ನಡೆದೇ ಇರುತ್ತದೆ. ಆದರೆ ಡೆಸ್ಕ್‌ಟಾಪ್ ಅಂದರೆ ಫೋನ್ ತರಹ ಅಲ್ಲ. ಯಾವ ಮದರ್‌ಬೋರ್ಡ್, ಯಾವ ಗ್ರಾಫಿಕ್ಸ್ ಕಾರ್ಡ್, ಎಷ್ಟು ಹಳೆಯ ಪ್ರಿಂಟರ್, ಯಾವ ಡಾಕ್ (ಲ್ಯಾಪ್‌ಟಾಪ್‌ಗೆ ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ಪೆಟ್ಟಿಗೆ), ಯಾವ ಲಿಪಿಯ ಕೀಬೋರ್ಡ್, ಈ ಜೋಡಣೆಗೆ ಕೊನೆ ಅನ್ನುವುದೇ ಇಲ್ಲ. ಯಾವ ಲ್ಯಾಬಿನಲ್ಲೂ ಇಷ್ಟೆಲ್ಲ ಜೋಡಿಸಿ ಇಡಲು ಆಗುವುದಿಲ್ಲ. ನಿಮ್ಮ ಮೇಜಿನ ಮೇಲೆ ಇರುವ ಜೋಡಣೆ ಬಹುಶಃ ಅವರ ಹತ್ತಿರ ಇಲ್ಲ. ಅದಕ್ಕೇ ಹೊರಗೆ ಬಿಡುತ್ತಾರೆ. ವಾಲ್‌ಪೇಪರ್ ನೋಡಿ ಖುಷಿಪಡಲಿ ಅಂತ ಅಲ್ಲ.

ಈ ಸ್ಲೀಪ್ ವಿಷಯವನ್ನೇ ತೆಗೆದುಕೊಳ್ಳೋಣ. "ಸ್ಲೀಪ್ ಆದಮೇಲೆ ಡಿಸ್‌ಪ್ಲೇ ಬರ್ತಿಲ್ಲ, ಬೇಗ ಸರಿಮಾಡಿ." ಹೀಗೆ ಬರೆದರೆ ಓದುವ ಡೆವಲಪರ್ ಏನು ಮಾಡಬೇಕು? ಅವರ ಮೆಷಿನ್‌ನಲ್ಲಿ ಡಿಸ್‌ಪ್ಲೇ ಬರುತ್ತಿದೆ. ಮುಂದೆ ಹೋಗಲು ದಾರಿಯೇ ಇಲ್ಲ.

ಈಗ ಇದನ್ನು ಕೇಳಿ. ಇದರಲ್ಲಿ ಬಿಲ್ಡ್ ಅಂದರೆ ಬೀಟಾದ ಒಂದೊಂದು ಕಂತು, ಲಾಗ್ ಅಂದರೆ ಏನೇನು ನಡೆಯಿತು ಅಂತ ಮೆಷಿನ್ ತಾನೇ ಬರೆದಿಡುವ ದಾಖಲೆ. "ಡಾಕ್ ಮೂಲಕ ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಹೊರಗಿನ ಮಾನಿಟರ್ ಹಾಕಿದ್ದೇನೆ. ಲ್ಯಾಪ್‌ಟಾಪ್ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆಗೆದೆ. ಲ್ಯಾಪ್‌ಟಾಪ್ ಪರದೆ ಬಂತು, ಹೊರಗಿನದು ಬರಲಿಲ್ಲ. ಕೇಬಲ್ ಕಿತ್ತು ಹಾಕಿದರೆ ಬರುತ್ತದೆ. ಎರಡೇ ನಿಮಿಷ ಸ್ಲೀಪ್ ಮಾಡಿದರೆ ತೊಂದರೆ ಇಲ್ಲ. ಎಚ್‌ಡಿಎಂಐನಲ್ಲಿ ತೊಂದರೆ ಇಲ್ಲ. ಹಿಂದಿನ ಬಿಲ್ಡ್‌ನಲ್ಲಿ ಸರಿಯಾಗಿತ್ತು. ಬಿಲ್ಡ್ ನಂಬರ್ ಇದು, ಲಾಗ್ ಇಲ್ಲಿದೆ."

ಒಂದೊಂದು ಸಾಲೂ ಏನು ಕೆಲಸ ಮಾಡುತ್ತಿದೆ ನೋಡಿ. ಎಚ್‌ಡಿಎಂಐ ಸರಿ ಇದೆ ಅಂದರೆ ಇಡೀ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನಪಡಬೇಕಾಗಿಲ್ಲ. ಕೇಬಲ್ ಕಿತ್ತು ಹಾಕಿದರೆ ಬರುತ್ತದೆ ಅಂದರೆ ಮಾನಿಟರ್ ಸತ್ತಿಲ್ಲ, ಎದ್ದ ಮೇಲೆ ಅದನ್ನು ಮತ್ತೆ ಗುರುತಿಸುವ ಕಡೆ ಎಲ್ಲೋ ತಪ್ಪಿದೆ. ಎರಡು ನಿಮಿಷದ ಸ್ಲೀಪ್‌ಗೆ ತೊಂದರೆ ಇಲ್ಲ, ಅರ್ಧ ಗಂಟೆಯ ಸ್ಲೀಪ್‌ಗೆ ತೊಂದರೆ ಇದೆ ಅಂದರೆ ಡಾಕ್ ಆಳವಾದ ಪವರ್ ಸೇವಿಂಗ್‌ಗೆ ಹೋದಮೇಲೆ ಆಗುತ್ತಿರಬಹುದು. ಹಿಂದಿನ ಬಿಲ್ಡ್‌ನಲ್ಲಿ ಸರಿ ಇತ್ತು ಅನ್ನುವುದಂತೂ ಚಿನ್ನದಂಥ ಮಾತು. ಎರಡು ಬಿಲ್ಡ್‌ಗಳ ಮಧ್ಯೆ ಏನೇನು ಬದಲಾಗಿದೆಯೋ ಅಷ್ಟನ್ನು ಮಾತ್ರ ನೋಡಿದರೆ ಸಾಕು. ಇದನ್ನು ಬರೆಯಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಇನ್ನೊಂದು ಕೇಬಲ್ ಹಾಕಿ ನೋಡುವ ತಾಳ್ಮೆ ಬೇಕು, ಅಷ್ಟೇ.

ಲಾಗ್ ತೆಗೆಯುವುದು ಕಷ್ಟ ಅನ್ನುತ್ತೀರಾ? ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ತೊಂದರೆಯನ್ನು ಮತ್ತೆ ಮಾಡಿ ತೋರಿಸಿ ರೆಕಾರ್ಡ್ ಮಾಡುವ ಸೌಲಭ್ಯ ಅದರಲ್ಲೇ ಇದೆ. ಮ್ಯಾಕ್ ಬೀಟಾ ಜೊತೆ ಫೀಡ್‌ಬ್ಯಾಕ್ ಅಸಿಸ್ಟೆಂಟ್ ಬರುತ್ತದೆ, ಬೇಕಾದ ಫೈಲ್‌ಗಳನ್ನು ಅದೇ ಒಟ್ಟುಮಾಡುತ್ತದೆ. ಲಿನಕ್ಸ್‌ಗೆ ಬಂದರೆ, ಉಬುಂಟುನಲ್ಲಿ ಉಬುಂಟು-ಬಗ್ ಅಂತ ಒಂದು ಕಮಾಂಡ್, ಡೆಬಿಯನ್‌ನಲ್ಲಿ ರಿಪೋರ್ಟ್‌ಬಗ್. ಮೆಷಿನ್ ಪೂರ್ತಿ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಬೇಕಾಯಿತು ಅಂದರೂ, ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಮ್) ಇರುವ ಬಹುತೇಕ ಲಿನಕ್ಸ್‌ಗಳಲ್ಲಿ ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡ್‌ಗೆ ಹೇಳಿದರೆ ಹಿಂದಿನ ಬೂಟ್‌ನ ಲಾಗ್ ಕೊಡುತ್ತದೆ. ಇದರ ಬಗ್ಗೆ ನಮ್ಮ ಚಾನೆಲ್‌ನಲ್ಲೇ ಒಂದು ವಿಡಿಯೋ ಇದೆ, ಲಿನಕ್ಸ್ ಪ್ಲೇಲಿಸ್ಟ್‌ನಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ಹಾಗೇ ಸಬ್‌ಸ್ಕ್ರೈಬ್ ಮಾಡದೇ ಇದ್ದರೆ ಮಾಡಿಬಿಡಿ. ಇಂಥ ವಿಷಯ ಕನ್ನಡದಲ್ಲಿ ಕೇಳುವವರು ಜಾಸ್ತಿ ಆದಷ್ಟೂ ಮಾಡುವವರಿಗೂ ಹುಮ್ಮಸ್ಸು ಬರುತ್ತದೆ.

ಸರಿ. "ರಿಪೋರ್ಟ್ ಹಾಕಿದರೂ ಯಾರೂ ಓದಲ್ಲ" ಅನ್ನುವವರಿಗೆ ಈಗ ಬರುತ್ತೇನೆ. ಈ ಮಾತು ಎಲ್ಲ ಕಡೆ ಕೇಳುತ್ತೇನೆ. ಬಹಳ ಸಲ ಇದನ್ನು ಹೇಳುವವರು ಒಂದೂ ರಿಪೋರ್ಟ್ ಹಾಕಿರುವುದಿಲ್ಲ.

2000ದ ಸೆಪ್ಟೆಂಬರ್‌ನಲ್ಲಿ ಆಪಲ್ ಮ್ಯಾಕ್ ಓಎಸ್ ಟೆನ್‌ನ ಪಬ್ಲಿಕ್ ಬೀಟಾ ಬಿಟ್ಟಿತು. ಪುಕ್ಕಟೆ ಅಲ್ಲ, 29.95 ಡಾಲರ್. ಜನ ದುಡ್ಡು ಕೊಟ್ಟು ಟೆಸ್ಟ್ ಮಾಡಿದರು. ಆ ಬೀಟಾದಲ್ಲಿ ಆಪಲ್ ಗುರುತು ಮೆನು ಬಾರ್‌ನ ಮಧ್ಯದಲ್ಲಿ ಕೂತಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ, ಬರೀ ಅಲಂಕಾರ. ವರ್ಷಗಟ್ಟಲೆ ಎಡಗಡೆಯ ಆಪಲ್ ಮೆನುವಿನಿಂದ ಕೆಲಸ ಮಾಡಿದವರು ಸುಮ್ಮನಿರಲಿಲ್ಲ. ನಮ್ಮ ಮೆನು ವಾಪಸ್ ಕೊಡಿ ಅಂತ ಬರೆದರು. 2001ರ ಮಾರ್ಚ್ 24ಕ್ಕೆ 10.0 ಬಂದಾಗ ಆಪಲ್ ಮೆನು ಎಡಗಡೆ ಇತ್ತು, ಕೆಲಸವೂ ಮಾಡುತ್ತಿತ್ತು. ಇವತ್ತಿಗೂ ಅಲ್ಲೇ ಇದೆ. ಯಾರೂ ಓದದಿದ್ದರೆ ಅದು ಹೇಗೆ ವಾಪಸ್ ಬಂತು?

ಇನ್ನು ಓದದೇ ಹೋದಾಗ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ವಿಂಡೋಸ್ 10ರ 1809 ಆವೃತ್ತಿ. 2018ರ ಅಕ್ಟೋಬರ್ 2ಕ್ಕೆ ಬಿಡುಗಡೆ ಆಯಿತು, ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಬೇಕಾಯಿತು. ಯಾಕೆ? ಕೆಲವರ ಫೈಲ್‌ಗಳೇ ಅಳಿಸಿಹೋಗುತ್ತಿದ್ದವು. ಡಾಕ್ಯುಮೆಂಟ್ಸ್ ತರಹದ ಫೋಲ್ಡರ್‌ಗಳನ್ನು ಬೇರೆ ಡ್ರೈವ್‌ಗೆ ತಿರುಗಿಸಿ, ಹಳೆಯ ಜಾಗದಲ್ಲೂ ಫೈಲ್ ಬಿಟ್ಟವರಿಗೆ ಹೀಗಾಯಿತು. ಹಳೆಯ ಖಾಲಿ ಫೋಲ್ಡರ್ ಸುಮ್ನೆ ಯಾಕೆ ಇರಬೇಕು ಅಂತ ಅದನ್ನು ತೆಗೆಯುವ ಕೋಡ್ ಸೇರಿಸಿದ್ದರು. ಎಲ್ಲರ ಫೋಲ್ಡರ್ ಖಾಲಿ ಇರಲಿಲ್ಲ. ಸೇರಿಸಿದ್ದು ಯಾಕೆ ಅಂದರೆ ಖಾಲಿ ಫೋಲ್ಡರ್ ಎರಡೆರಡು ಕಾಣಿಸುತ್ತಿವೆ ಅಂತ ಜನ ದೂರಿದ್ದರು.

ಇದರಲ್ಲಿ ನನಗೆ ಹೊಟ್ಟೆ ಉರಿಯುವ ಸಂಗತಿ ಬೇರೆ. ಬಿಡುಗಡೆಗೆ ಮೊದಲೇ ಫೈಲ್ ಹೋಯಿತು ಅಂತ ಕೆಲವು ಟೆಸ್ಟರ್‌ಗಳು ಫೀಡ್‌ಬ್ಯಾಕ್ ಹಬ್‌ನಲ್ಲಿ ಬರೆದಿದ್ದರು! ಆದರೆ ಆ ರಿಪೋರ್ಟ್‌ಗಳಿಗೆ ಬೇರೆ ಬಳಕೆದಾರರ ಮತ ಬಿದ್ದದ್ದು ಬಹಳ ಕಡಿಮೆ. ಹಾಗಾಗಿ ಮೇಲೆ ಬರಲೇ ಇಲ್ಲ. ಆಮೇಲೆ ಮೈಕ್ರೋಸಾಫ್ಟ್ ರಿಪೋರ್ಟ್‌ನಲ್ಲಿ ತೊಂದರೆ ಎಷ್ಟು ಗಂಭೀರ ಅಂತ ಹೇಳುವ ಆಯ್ಕೆ ಸೇರಿಸಿತು. ನವೆಂಬರ್ 13ಕ್ಕೆ ಮತ್ತೆ ಬಿಡುಗಡೆ ಮಾಡಿತು.

ಕಂಪನಿ ತಪ್ಪು ಮಾಡಿತಾ? ಖಂಡಿತ ಮಾಡಿತು. ಫೈಲ್ ಅಳಿಸಿತು ಅನ್ನುವ ಒಂದೇ ಒಂದು ರಿಪೋರ್ಟ್ ಬಂದರೂ ಎಲ್ಲ ಕೆಲಸ ನಿಲ್ಲಿಸಿ ಅದನ್ನು ನೋಡಬೇಕು, ಮತ ಎಣಿಸುತ್ತಾ ಕೂರಬಾರದು. ಆದರೆ ನನ್ನ ಪ್ರಶ್ನೆ ಉಳಿದವರಿಗೆ. ಆ ಬೀಟಾ ಹಾಕಿಕೊಂಡ ಜನ ಕಡಿಮೆ ಇರಲಿಲ್ಲ. ಫೋಲ್ಡರ್ ತಿರುಗಿಸಿದವರು ಅವರಲ್ಲಿ ಇನ್ನೂ ಇದ್ದಿರಲೇಬೇಕು. ಫೈಲ್ ಕಾಣದಾದಾಗ ಸುಮ್ನೆ ಬ್ಯಾಕಪ್‌ನಿಂದ ತಂದುಕೊಂಡು, ಬೀಟಾ ಅಲ್ವಾ ಬಿಡು ಅಂದವರು ಎಷ್ಟು ಮಂದಿ? ಅವರು ಹುಡುಕಿ, ನನಗೂ ಹೀಗಾಗಿದೆ ಅಂತ ಒಂದು ಸಾಲು ಸೇರಿಸಿದ್ದರೆ? ಆ ಸಾಲು ಬರಲಿಲ್ಲ, ಊರವರ ಫೈಲ್ ಹೋದವು. ಅದಕ್ಕೇ ಹೇಳುತ್ತಿದ್ದೇನೆ, ಬೀಟಾ ಹಾಕಿಕೊಂಡು ಬಾಯಿ ಮುಚ್ಚಿಕೊಂಡವರು ಟೆಸ್ಟರ್ ಅಲ್ಲ.

"ಟೆಲಿಮೆಟ್ರಿ ಇದೆಯಲ್ಲ, ತಾನೇ ಹೋಗುತ್ತದೆ" ಅನ್ನುವವರು ಇನ್ನೊಂದು ಗುಂಪು. ಟೆಲಿಮೆಟ್ರಿ ಅಂದರೆ ಮೆಷಿನ್ ತಾನೇ ಕಂಪನಿಗೆ ಕಳಿಸುವ ಮಾಹಿತಿ. ಏನು ಹೋಗುತ್ತದೆ? ಕ್ರ್ಯಾಶ್ ಆದರೆ ಕ್ರ್ಯಾಶ್ ಡಂಪ್, ಅಂದರೆ ಆ ಹೊತ್ತಿನ ಮೆಮೊರಿಯ ನಕಲು, ಹೋಗುತ್ತದೆ. ಪ್ರಿಂಟ್ ಅರ್ಧಕ್ಕೆ ಕಟ್ ಆಗಿ ಬಂದರೆ? ಅಕ್ಷರ ಒಂದರ ಮೇಲೊಂದು ಕೂತರೆ? ಕಂಪ್ಯೂಟರ್ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ನಡೆದಿದೆ. ಅದು ಸರಿ ಇಲ್ಲ ಅಂತ ಗೊತ್ತಿರುವುದು ನೋಡುತ್ತಿರುವ ನಿಮಗೆ ಮಾತ್ರ. 1809 ಆವೃತ್ತಿಯನ್ನೇ ನೋಡಿ, ಫೋಲ್ಡರ್ ಅಳಿಸು ಅಂತ ಕೋಡ್ ಹೇಳಿತು, ಅಳಿಸಿತು. ಅದರ ಪಾಲಿಗೆ ಎರರ್ ಎಲ್ಲಿಂದ ಬಂತು?

"ನಮಗೇನು ಸಂಬಳ ಕೊಡ್ತಾರಾ?" ಇಲ್ಲ, ಕೊಡುವುದಿಲ್ಲ. ಸಂಬಳ ಬೇಕು ಅಂದರೆ ಬೀಟಾ ಹಾಕಬೇಡಿ. ಬಿಡುಗಡೆ ಆದಮೇಲೆ ಹಾಕಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಎಲ್ಲರಿಗಿಂತ ಮೊದಲು ಬೇಕು, ಆದರೆ ಅದಕ್ಕೆ ಇರುವ ಒಂದೇ ಒಂದು ಕೆಲಸ ಬೇಡ ಅಂದರೆ ಅದು ನನಗೆ ಒಪ್ಪಿಗೆ ಇಲ್ಲ. ಫೆಡೋರಾ ಅನ್ನುವ ಲಿನಕ್ಸ್‌ನಲ್ಲಿ ಯಾರು ಬೇಕಾದರೂ ಒಂದು ಬಗ್ ತೋರಿಸಿ ಇದು ಬಿಡುಗಡೆ ತಡೆಯುವಂಥದ್ದು ಅಂತ ಪ್ರಸ್ತಾಪ ಇಡಬಹುದು. ಬ್ಲಾಕರ್ ಬಗ್ ಅನ್ನುತ್ತಾರೆ. ಗೋ ನೋ-ಗೋ ಅಂತ ಒಂದು ಮೀಟಿಂಗ್ ಇರುತ್ತದೆ, ಬ್ಲಾಕರ್ ಬಾಕಿ ಇದ್ದರೆ ಬಿಡುಗಡೆಯೇ ಮುಂದಕ್ಕೆ ಹೋಗುತ್ತದೆ. ಎಷ್ಟೋ ಸಲ ಹೋಗಿದೆ. ಎಲ್ಲೋ ಮನೆಯಲ್ಲಿ ಕೂತ ಒಬ್ಬರ ರಿಪೋರ್ಟ್ ಇಡೀ ಆಪರೇಟಿಂಗ್ ಸಿಸ್ಟಮ್‌ನ ತಾರೀಖು ಬದಲಿಸಬಹುದು. ಇಷ್ಟು ದೊಡ್ಡ ಮಾತನ್ನು ಕೈಯಲ್ಲಿಟ್ಟುಕೊಂಡು ಬರೆಯಲು ಬೇಜಾರು ಅಂತೀರಾ?

ಮಧ್ಯದಲ್ಲಿ ಒಂದು ಮಾತು, ಇದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. ದಿನದ ಕೆಲಸದ ಮೆಷಿನ್ ಮೇಲೆ ಬೀಟಾ ಹಾಕಬೇಡಿ. 2009ರ ಜನವರಿಯಲ್ಲಿ ಬಂದ ವಿಂಡೋಸ್ 7 ಬೀಟಾ ಎಲ್ಲರಿಗೂ ಇಷ್ಟವಾಗಿತ್ತು, ಚೆನ್ನಾಗಿಯೂ ಇತ್ತು. ಆದರೂ ಎಂಪಿತ್ರೀ ಫೈಲ್‌ಗಳ ಶುರುವಿನ ಕೆಲವು ಸೆಕೆಂಡುಗಳನ್ನು ಕತ್ತರಿಸಿಬಿಡುವ ಬಗ್ ಅದರಲ್ಲಿತ್ತು. ಪ್ಯಾಚ್ ಬಂತು, ಆದರೆ ಬ್ಯಾಕಪ್ ಇಲ್ಲದವರ ಹಾಡು ವಾಪಸ್ ಬರಲಿಲ್ಲ. ಬೇರೆ ಡಿಸ್ಕ್, ಹಳೆ ಲ್ಯಾಪ್‌ಟಾಪ್, ಎರಡೂ ಇಲ್ಲದಿದ್ದರೆ ವರ್ಚುವಲ್ ಮೆಷಿನ್, ಅಂದರೆ ಇರುವ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್. ಆದರೆ ವರ್ಚುವಲ್ ಮೆಷಿನ್‌ನಲ್ಲಿ ನಿಮ್ಮ ನಿಜವಾದ ಗ್ರಾಫಿಕ್ಸ್, ವೈಫೈ, ಸ್ಲೀಪ್ ಇವೆಲ್ಲ ಟೆಸ್ಟ್ ಆಗುವುದಿಲ್ಲ, ನೆನಪಿರಲಿ. ಹಳೆ ಲ್ಯಾಪ್‌ಟಾಪ್ ಇದ್ದರೆ ಅದೇ ಒಳ್ಳೆಯದು.

ಇನ್ನು ನಮ್ಮದೇ ಸಾಲಿನವರು, ವಿಡಿಯೋ ಮಾಡುವವರು. ಬೀಟಾ ಬಂದ ದಿನವೇ ಹಾಕುತ್ತಾರೆ. ಹೊಸ ಐಕಾನ್, ಹೊಸ ವಾಲ್‌ಪೇಪರ್ ತೋರಿಸುತ್ತಾರೆ. ಮಧ್ಯೆ ಒಂದು ಬಗ್ ಬಂದರೆ ನಗುತ್ತಾರೆ, ಥಂಬ್‌ನೇಲ್‌ಗೆ ಹಾಕುತ್ತಾರೆ. ನೋಡಿದವರು ಲಕ್ಷ ಮಂದಿ, ರಿಪೋರ್ಟ್ ಹಾಕಿದವರು ಸೊನ್ನೆ. ಅಲ್ಲ ಸ್ವಾಮಿ, ಕ್ಯಾಮೆರಾದಲ್ಲಿ ಬಗ್ ರೆಕಾರ್ಡ್ ಆಗಿದೆ, ಬಿಲ್ಡ್ ನಂಬರ್ ಪರದೆ ಮೂಲೆಯಲ್ಲಿ ಕಾಣುತ್ತಿದೆ, ಅರ್ಧ ರಿಪೋರ್ಟ್ ರೆಡಿ ಇದೆ. ಕಳಿಸಲು ಏನು ಕಷ್ಟ?

ಕಳಿಸಿ. ಇಂಗ್ಲಿಷ್ ಸರಿ ಬರಲ್ಲ ಅಂತ ಹಿಂಜರಿಯಬೇಡಿ, ಯಾರೂ ವ್ಯಾಕರಣ ನೋಡುವುದಿಲ್ಲ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಅಷ್ಟು ಬರೆಯಿರಿ. ಮೊದಲೇ ಯಾರಾದರೂ ಹಾಕಿದ್ದಾರಾ ಅಂತ ಹುಡುಕಿ. ಇದ್ದರೆ ಅದಕ್ಕೇ ನಿಮ್ಮ ವಿವರ ಸೇರಿಸಿ, ಹೊಸದು ಹಾಕಬೇಡಿ. ಉತ್ತರ ಬರದಿದ್ದರೂ ಪರವಾಗಿಲ್ಲ, ಮುಂದಿನ ಬಿಲ್ಡ್‌ನಲ್ಲಿ ಮತ್ತೆ ನೋಡಿ, ಇನ್ನೂ ಇದೆ ಅಂತ ಬರೆಯಿರಿ. ಬರೆಯಲು ಮನಸ್ಸಿಲ್ಲವೇ ಇಲ್ಲ ಅಂದರೆ ಬೀಟಾ ತೆಗೆದುಹಾಕಿ. ಬೇರೆ ವಾದ ನನ್ನ ಹತ್ತಿರ ಇಲ್ಲ, ಬೇಕೂ ಇಲ್ಲ. ಬರೆಯದವರು ಟೆಸ್ಟರ್ ಅಲ್ಲ, ಅಲ್ಲ, ಅಲ್ಲ.

ಎಸ್‌ಎಸ್‌ಡಿ ವಿಡಿಯೋ ಮುಂದಿನ ವಾರ ಬರುತ್ತದೆ. ಅದಕ್ಕೆ ಮೊದಲು ಭಾನುವಾರ ಲೈವ್ ಬರುತ್ತೇನೆ, ನೋಡುವವರ ಬಗ್‌ಗಳನ್ನು ಒಂದೊಂದಾಗಿ ತೆಗೆದುಕೊಂಡು ಅಲ್ಲೇ ರಿಪೋರ್ಟ್ ಬರೆಯೋಣ. ಬೆಲ್ ಒತ್ತಿಟ್ಟುಕೊಳ್ಳಿ. ಬರುವಾಗ ಬಿಲ್ಡ್ ನಂಬರ್ ಬರೆದುಕೊಂಡು ಬನ್ನಿ, ನಾನು ಮೊದಲು ಕೇಳುವುದೇ ಅದನ್ನು.