ಬಣ್ಣದ ಪಟ್ಟೆಯ ಅರ್ಧತೋಳಿನ ಸ್ವೆಟರ್: ಲೆಕ್ಕ ಎಲ್ಲಿ ತಪ್ಪುತ್ತದೆ

ಎಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರದ ಚಳಿ ಬೆಳಗಿನ ಚಳಿ. ಧನುರ್ಮಾಸದಲ್ಲಿ ನಂದಿ ಬೆಟ್ಟಕ್ಕೆ ಮಂಜು ಕವಿದಾಗ ಮೈ ನಡುಗುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸ್ವೆಟರ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತೇವೆ. ಹಾಲು ಕರೆಯುವಾಗ, ಪಾತ್ರೆ ತೊಳೆಯುವಾಗ, ಇಬ್ಬನಿಯಲ್ಲಿ ಹೂ ಬಿಡಿಸುವಾಗ ಉದ್ದ ತೋಳು ಮೊದಲು ನೆನೆಯುತ್ತದೆ. ಈ ಸೀಮೆಗೆ ಅರ್ಧತೋಳು ಹೇಳಿ ಮಾಡಿಸಿದಂತಿದೆ. ಇವತ್ತು ಅದನ್ನೇ, ನಾಲ್ಕು ಬಣ್ಣದಲ್ಲಿ, ಎರಡು ಕಡ್ಡಿಯಲ್ಲಿ ಹೆಣೆಯುವ ಬಗೆ ಹೇಳುತ್ತೇವೆ. ಬಣ್ಣ ಆರಿಸುವಾಗ ತಪ್ಪಿದರೂ ತೊಟ್ಟುಕೊಳ್ಳಬಹುದು. ಅಳತೆ ತಪ್ಪಿದರೆ ಬಿಚ್ಚಬೇಕಾಗುತ್ತದೆ. ಬಣ್ಣ ಬದಲಾಯಿಸುವ ರೀತಿಯೇ ಅಳತೆಯನ್ನು ಹೇಗೆ ಕೆಡಿಸುತ್ತದೆ ಎಂಬುದು ಇವತ್ತಿನ ಮುಖ್ಯ ಮಾತು.

ಉದಾಹರಣೆಗೆ 36 ಇಂಚು ಎದೆಸುತ್ತಳತೆ ಇಟ್ಟುಕೊಳ್ಳೋಣ. ಟೇಪನ್ನು ರವಿಕೆಯ ಮೇಲೆ ಹಿಡಿಯಿರಿ, ಬರಿ ಮೈಗಲ್ಲ. ಅದಕ್ಕೆ 2 ಇಂಚು ಸಡಿಲ ಸೇರಿಸಿ, ಸ್ವೆಟರ್ 38 ಇಂಚು. ಚೂಡಿದಾರದ ಮೇಲೆ ಹಾಕುವವರಿಗೆ ಉದ್ದ ಹೆಚ್ಚೂಕಡಿಮೆ 22 ಇಂಚು ಬೇಕು. ಸೀರೆಯ ಮೇಲಾದರೆ 20 ಸಾಕು, ಅದಕ್ಕಿಂತ ಉದ್ದವಾದರೆ ನೆರಿಗೆಯ ಮೇಲೆ ಉಬ್ಬಿ ನಿಲ್ಲುತ್ತದೆ.

ಉಲ್ಲನ್ ಎಂದು ಅಂಗಡಿಯಲ್ಲಿ ಕೊಡುವುದು ಬಹುಪಾಲು ಅಕ್ರಿಲಿಕ್. ಅದರಲ್ಲಿ ತಪ್ಪೇನಿಲ್ಲ, ನಮ್ಮ ಹವೆಗೆ ಒಗ್ಗುತ್ತದೆ, ತೊಳೆಯುವುದು ಸುಲಭ. ಶಿರಾ ಕಡೆ ಕಂಬಳಿ ನೇಯುವ ನಾಡಕುರಿಯ ಉಣ್ಣೆ ಇದಕ್ಕೆ ಒರಟು, ಕತ್ತಿನ ಬಳಿ ಚುಚ್ಚುತ್ತದೆ. ಡಬಲ್ ನಿಟಿಂಗ್ ಎಂಬ ಮಧ್ಯಮ ದಪ್ಪದ ದಾರ ಒಟ್ಟು 400 ಗ್ರಾಂ ತೆಗೆದುಕೊಳ್ಳಿ: ಮುಖ್ಯ ಬಣ್ಣ 250 ಗ್ರಾಂ, ಉಳಿದ ಮೂರು ತಲಾ 50. ಮುಖ್ಯ ಬಣ್ಣವನ್ನು ಒಂದೇ ಸಲ ಕೊಂಡು, ಎಲ್ಲ ಉಂಡೆಗಳ ಚೀಟಿಯಲ್ಲಿ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ, ಒಂದೇ ಇದೆಯೇ ನೋಡಿ. ಅದೇ ಕಂಪನಿಯ ಅದೇ ಬಣ್ಣವಾದರೂ ಲಾಟ್ ಬೇರೆಯಾದರೆ ಬೆನ್ನಿನ ಮಧ್ಯೆ ಗೆರೆ ಎಳೆದಂತೆ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇದು ಗೊತ್ತಾಗುವುದಿಲ್ಲ, ಬಿಸಿಲಿಗೆ ಹಿಡಿಯಬೇಕು.

ಬಣ್ಣಕ್ಕೆ ನಮ್ಮ ಹೂವಿನ ಮಾರುಕಟ್ಟೆಯೇ ಸಾಕು. ಮುಖ್ಯ ಬಣ್ಣ ರಾಗಿ, ಜೊತೆಗೆ ಸೇವಂತಿಗೆಯ ಹಳದಿ, ಕನಕಾಂಬರ, ದ್ರಾಕ್ಷಿಯ ನೇರಳೆ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ರಾಗಿಯೂ ನೇರಳೆಯೂ ಒಂದೇ ಬೂದಿಯಾಗಿ ಕಂಡರೆ, ಅವೆರಡರಲ್ಲಿ ಹಾಕಿದ ಹೂಬಳ್ಳಿ ಮಾರು ದೂರದಿಂದ ಕಾಣುವುದಿಲ್ಲ. ಅವೆರಡರ ನಡುವೆ ಹಳದಿ ಬರಲಿ. ಗಾಢ ಕೆಂಪು ಬಳಸುವವರು ಒಂದು ಎಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನು ತಿಳಿಬಣ್ಣದ ಪಕ್ಕ ತರಬೇಡಿ.

ಇನ್ನು ಕಡ್ಡಿ. ಇಲ್ಲಿ ಸಿಗುವ ಅಲ್ಯೂಮಿನಿಯಂ ಕಡ್ಡಿಗಳ ಮೇಲಿರುವುದು ಹಳೆಯ ಬ್ರಿಟಿಷ್ ಸಂಖ್ಯೆ. ಸಂಖ್ಯೆ ಏರಿದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಅಮೆರಿಕದ ವಿಡಿಯೊ ನೋಡಿ ಕಲಿಯುವವರು ಇಲ್ಲೇ ಎಡವುವುದು: ಅವರ 8ನೇ ನಂಬರ್ 5 ಮಿಲಿಮೀಟರ್. ಎರಡೂ 8 ಎಂದು ಹೆಣೆದರೆ ಅವರದು ಬಟ್ಟೆ, ನಮ್ಮದು ಗೋಣಿಯಷ್ಟು ಬಿಗಿ. ಮಿಲಿಮೀಟರ್ ಮಾತ್ರ ನಂಬಿ.

ಈಗ ಮಾದರಿ ತುಂಡು. ಇದನ್ನು ಬಿಟ್ಟು ನೇರ ಸ್ವೆಟರಿಗೆ ಕೈಹಾಕುವವರೇ ಹೆಚ್ಚು. 8ನೇ ಕಡ್ಡಿಗೆ 30 ಕುಣಿಕೆ (ಸ್ಟಿಚ್) ಏರಿಸಿ, ಒಂದು ಸಾಲು ಸೀದಾ (ನಿಟ್), ಒಂದು ಸಾಲು ಉಲ್ಟಾ (ಪರ್ಲ್), ಹೀಗೆ 5 ಇಂಚು ಹೆಣೆಯಿರಿ. ತೊಳೆದು, ಒಣಗಿಸಿ, ಅಂಚು ಬಿಟ್ಟು ನಡುವಿನ 4 ಇಂಚಿನಲ್ಲಿ ಎಣಿಸಿ. 22 ಕುಣಿಕೆ, 28 ಸಾಲು ಬರಬೇಕು. ಅಂದರೆ ಇಂಚಿಗೆ ಐದೂವರೆ ಕುಣಿಕೆ, ಏಳು ಸಾಲು. 24 ಬಂದರೆ ನಿಮ್ಮ ಕೈ ಬಿಗಿ. ಎರಡೇ ಕುಣಿಕೆ ತಾನೇ ಎನ್ನಬೇಡಿ, ಅದೇ ಕಡ್ಡಿಯಲ್ಲಿ ಮುಂದುವರಿದರೆ 38 ಇಂಚಿನ ಸ್ವೆಟರ್ 35ಕ್ಕಿಂತ ಕಡಿಮೆಯಾಗುತ್ತದೆ, 36ರ ಮೈಗೆ ಇಳಿಯುವುದೇ ಇಲ್ಲ. 20 ಬಂದರೆ 41 ದಾಟುತ್ತದೆ. ಬಿಗಿಯಾದರೆ ಒಂದು ಅಳತೆ ದಪ್ಪ ಕಡ್ಡಿ, ಸಡಿಲವಾದರೆ ಒಂದು ಅಳತೆ ಸಣ್ಣ ಕಡ್ಡಿ. ಬೇಕೆಂದೇ ಕೈ ಬಿಗಿ ಮಾಡಿಕೊಂಡು ಹೆಣೆಯಲು ಹೋಗಬೇಡಿ, ಎರಡನೇ ದಿನಕ್ಕೆ ಕೈ ತನ್ನ ಚಾಳಿಗೆ ಮರಳುತ್ತದೆ.

ಬೆನ್ನಿನಿಂದ ಶುರು. 38ರಲ್ಲಿ ಅರ್ಧ 19 ಇಂಚು, ಐದೂವರೆಯಿಂದ ಗುಣಿಸಿದರೆ 104, ಹೊಲಿಗೆಗೆ ಎರಡು ಸೇರಿಸಿ 106. 10ನೇ ಕಡ್ಡಿಗೆ 106 ಏರಿಸಿ, ಎರಡು ಸೀದಾ ಎರಡು ಉಲ್ಟಾ ಬಾರ್ಡರ್ 2 ಇಂಚು. ಸೀದಾದಿಂದ ಶುರುವಾಗಿ ಸೀದಾದಲ್ಲೇ ಮುಗಿಯುತ್ತದೆ, ಆದ್ದರಿಂದ ಪಕ್ಕ ಹೊಲಿದಾಗ ಗೆರೆ ಕಾಣುವುದಿಲ್ಲ. ಬಾರ್ಡರಿನಲ್ಲೂ ಬಣ್ಣ ಬದಲಾಯಿಸುವುದಾದರೆ, ಹೊಸ ಬಣ್ಣದ ಮೊದಲ ಸಾಲನ್ನು ಮುಂಭಾಗದಲ್ಲಿ ಪೂರ್ತಿ ಸೀದಾ ಹೆಣೆದುಬಿಡಿ. ಉಲ್ಟಾ ಹೆಣೆದ ಕಡೆ ಹಳೆಯ ಬಣ್ಣದ ಚುಕ್ಕಿ ಮೇಲೆದ್ದು ಕೊಳಕಾಗಿ ಕಾಣುತ್ತದೆ. ಆಮೇಲೆ 8ನೇ ಕಡ್ಡಿಗೆ ಬದಲಾಯಿಸಿ ಕಂಕುಳಿನವರೆಗೆ 12 ಇಂಚು, ಅಂದರೆ 84 ಸಾಲು.

ಪಟ್ಟೆಗಳು ಈ 84 ಸಾಲಿನಲ್ಲಿ ಬರುತ್ತವೆ. ಎರಡು, ನಾಲ್ಕು, ಆರು, ಹೀಗೆ ಸರಿಸಂಖ್ಯೆಯ ಸಾಲು ಇಟ್ಟರೆ ದಾರ ಯಾವಾಗಲೂ ಒಂದೇ ಅಂಚಿನಲ್ಲಿ ಸಿಗುತ್ತದೆ, ಕತ್ತರಿಸಬೇಕಾಗಿಲ್ಲ. ಕಾಯುತ್ತಿರುವ ದಾರವನ್ನು ಎರಡು ಸಾಲಿಗೊಮ್ಮೆ ಹೆಣೆಯುವ ದಾರದೊಂದಿಗೆ ಸುತ್ತಿ ಮೇಲಕ್ಕೆ ತನ್ನಿ. ಸುತ್ತುವಾಗ ಎಳೆದರೆ ಆ ಪಕ್ಕ ಕುಗ್ಗಿ ಸ್ವೆಟರ್ ಓರೆಯಾಗುತ್ತದೆ. ಒಂದೊಂದೇ ಸಾಲಿನ ಪಟ್ಟೆ ಬೇಕೆಂದರೆ ಎರಡು ಬಣ್ಣದಲ್ಲಿ ಈ ಕಡ್ಡಿಯಲ್ಲಿ ಆಗದು, ದಾರ ಆಚೆ ತುದಿಯಲ್ಲಿ ಉಳಿದಿರುತ್ತದೆ. ಮೂರು ಬಣ್ಣ ಸರದಿಯಲ್ಲಿ ತಂದರೆ ಆಗುತ್ತದೆ: ಮೂರು ಸಾಲು ಮುಗಿಯುವ ಹೊತ್ತಿಗೆ ಮೊದಲ ದಾರ ಬೇಕಾದ ಅಂಚಿನಲ್ಲೇ ಕಾದಿರುತ್ತದೆ. ಹೆಣೆದು ನೋಡಿದರೆ ಮಾತ್ರ ನಂಬಿಕೆ ಬರುವಂಥ ಲೆಕ್ಕ ಇದು.

ಪಟ್ಟೆಯಿಂದ ಅಗಲ ಬದಲಾಗುವುದಿಲ್ಲ. ಬದಲಾಗುವುದು ಒಂದೇ ಸಾಲಿನಲ್ಲಿ ಎರಡು ಬಣ್ಣ ತಂದಾಗ. ಹೂಬಳ್ಳಿ, ಚೌಕಳಿ ಹಾಕುವಾಗ ಬಳಸದ ದಾರ ಹಿಂದೆ ಅಡ್ಡ ಹಾಯುತ್ತದೆ. ಅದು ಕುಣಿಕೆಯಂತೆ ಹಿಗ್ಗುವುದಿಲ್ಲ, ಸ್ವಲ್ಪ ಎಳೆದರೂ ಬಟ್ಟೆ ಸೊಂಟ ಕಟ್ಟಿದಂತೆ ಕುಗ್ಗುತ್ತದೆ. ಎದೆಯ ಬಳಿಯೇ ಬಳ್ಳಿ ಬಂದರಂತೂ ಸ್ವೆಟರ್ ಅಲ್ಲಿ ಹಿಡಿಯುತ್ತದೆ. ಇದಕ್ಕೆ ಮೂರು ಎಚ್ಚರ. ಬಣ್ಣ ಬದಲಾಯಿಸುವ ಮೊದಲು ಬಲಗಡ್ಡಿಯ ಕುಣಿಕೆಗಳನ್ನು ಬೆರಳಿನಿಂದ ಅಗಲಕ್ಕೆ ಹರಡಿ, ಆಮೇಲೆ ಹೊಸ ದಾರ ತನ್ನಿ. ಒಂದೇ ಬಣ್ಣ ಐದು ಕುಣಿಕೆಗಿಂತ ಹೆಚ್ಚು ಓಡಬಾರದು, ಓಡಿದರೆ ಮಧ್ಯೆ ಒಮ್ಮೆ ಎರಡೂ ದಾರಗಳನ್ನು ಹಿಂದೆ ಒಂದಕ್ಕೊಂದು ಸುತ್ತಿ. ಇಲ್ಲದಿದ್ದರೆ ಹಾಕಿಕೊಳ್ಳುವಾಗ ಬಳೆ, ಉಂಗುರ ಸಿಕ್ಕಿಕೊಳ್ಳುತ್ತವೆ. ಬಳ್ಳಿಯ ಸಾಲುಗಳಿಗೆ ಮಾತ್ರ 7ನೇ ಕಡ್ಡಿ, ಅಂದರೆ 4.5 ಮಿಲಿಮೀಟರ್ ಹಿಡಿದು, ಮುಗಿದ ಮೇಲೆ 8ಕ್ಕೆ ಮರಳಿ. ಆದರೂ ಮಾದರಿ ತುಂಡಿನಲ್ಲಿ ಬಳ್ಳಿಯನ್ನೂ ಹೆಣೆದು ಅಳೆಯದೆ ಮುಂದೆ ಹೋಗಬೇಡಿ. 106ರಲ್ಲಿ ಹೊಲಿಗೆಯ ಎರಡನ್ನು ಬಿಟ್ಟರೆ 104, ನಾಲ್ಕು ಕುಣಿಕೆಯ ನಮೂನೆ 26 ಸಲ ಸರಿಯಾಗಿ ಕೂರುತ್ತದೆ. ಇನ್ನೊಂದು ಸೂಕ್ಷ್ಮ: ಎರಡು ದಾರದಲ್ಲಿ ಯಾವುದು ಕೆಳಗಿನಿಂದ ಬರುತ್ತದೋ ಆ ಬಣ್ಣ ಮುಂದೆ ಎದ್ದು ಕಾಣುತ್ತದೆ. ಹೂವಿನ ಬಣ್ಣ ಸದಾ ಕೆಳಗಿರಲಿ. ಅರ್ಧದಲ್ಲಿ ಅದಲುಬದಲಾದರೆ ಒಂದೇ ಬಳ್ಳಿ ಎರಡು ಕೈಯವರು ಹೆಣೆದಂತಿರುತ್ತದೆ.

ಕಂಕುಳಿನಲ್ಲಿ ಮುಂದಿನ ಎರಡು ಸಾಲಿನ ಮೊದಲಿಗೆ 6ರಂತೆ ಕುಣಿಕೆ ಮುಚ್ಚಿ (ಒಂದರ ಮೇಲೊಂದು ಹಾಯಿಸಿ ಕಡ್ಡಿಯಿಂದ ಇಳಿಸಿ), 94 ಉಳಿಯುತ್ತವೆ. ಆಮೇಲೆ ಪ್ರತಿ ಸೀದಾ ಸಾಲಿನ ಎರಡೂ ತುದಿಯಲ್ಲಿ ಒಂದೊಂದು ಕಳೆಯುತ್ತ (ಎರಡು ಕುಣಿಕೆ ಸೇರಿಸಿ ಒಂದಾಗಿ ಹೆಣೆಯುತ್ತ) ಆರು ಸಲ, 82. ಕಂಕುಳಿನಿಂದ ಏಳೂವರೆ ಇಂಚಾದ ಮೇಲೆ ಹೆಗಲು: ಪ್ರತಿ ಪಕ್ಕ 8ರಂತೆ ಮೂರು ಸಲ ಮುಚ್ಚಿ, ನಡುವೆ ಉಳಿದ 34 ಕತ್ತಿಗೆ. ಮುಂಭಾಗವೂ ಹೀಗೆಯೇ, ಕತ್ತು ಮಾತ್ರ 3 ಇಂಚು ಮೊದಲೇ ಶುರು: ನಡುವಿನ 16 ಕುಣಿಕೆಯನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಎರಡೂ ಕಡೆ ಕತ್ತಿನ ಅಂಚಿನಲ್ಲಿ 3, 2, ಆಮೇಲೆ ಒಂದೊಂದರಂತೆ ನಾಲ್ಕು ಕಳೆದರೆ ಪ್ರತಿ ಹೆಗಲಿಗೆ 24.

ತೋಳಿಗೆ 10ನೇ ಕಡ್ಡಿಯಲ್ಲಿ 66 ಏರಿಸಿ ಒಂದು ಇಂಚು ಬಾರ್ಡರ್, 8ನೇ ಕಡ್ಡಿಯಲ್ಲಿ ನಾಲ್ಕು ಸಾಲಿಗೊಮ್ಮೆ ಎರಡೂ ತುದಿಯಲ್ಲಿ ಒಂದೊಂದು ಕೂಡಿಸುತ್ತ ನಾಲ್ಕು ಸಲ, 74. ಒಟ್ಟು 5 ಇಂಚಾದಾಗ ತೋಳಿನ ತಲೆ. ಮೈಯಲ್ಲಿ ಮಾಡಿದಂತೆಯೇ 6 ಮುಚ್ಚಿ, ಆರು ಸಲ ಕಳೆದು 50ಕ್ಕೆ ತನ್ನಿ. ಇನ್ನೂ ಎಂಟು ಸೀದಾ ಸಾಲಿನಲ್ಲಿ ಕಳೆದರೆ 34, ಮುಂದಿನ ನಾಲ್ಕು ಸಾಲಿನ ಮೊದಲಿಗೆ ಮೂರು ಮೂರು ಮುಚ್ಚಿದರೆ 22, ಅಷ್ಟನ್ನೂ ಒಟ್ಟಿಗೆ ಮುಚ್ಚಿ.

ಪಟ್ಟೆಯ ಸ್ವೆಟರಿನಲ್ಲಿ ಕಣ್ಣು ಮೊದಲು ಹೋಗುವುದು ಕಂಕುಳಿಗೆ. ಮೈಯಲ್ಲಿ ಕಂಕುಳು ಮುಚ್ಚಿದ ಸಾಲು ಯಾವ ಬಣ್ಣದ ಎಷ್ಟನೇ ಸಾಲು ಎಂದು ಬರೆದಿಟ್ಟುಕೊಳ್ಳಿ, ತೋಳಿನಲ್ಲೂ ಅದೇ ಸಾಲಿನಲ್ಲಿ ಮುಚ್ಚುವಂತೆ ಹಿಂದಕ್ಕೆ ಎಣಿಸಿ ಬಣ್ಣ ಶುರು ಮಾಡಿ. ಮೊದಲ 14 ಸಾಲು ಎರಡರಲ್ಲೂ ಒಂದೇ ರೀತಿ ಕಳೆದಿರುವುದರಿಂದ ಪಟ್ಟೆಗೆ ಪಟ್ಟೆ ಕೂಡುತ್ತದೆ. ಅದರ ಮೇಲೆ ಕೂಡುವುದಿಲ್ಲ, ತೋಳಿನ ತಲೆಯ ಸಾಲುಗಳೇ ಕಡಿಮೆ. ಬಲವಂತವಾಗಿ ಎಳೆದು ಕೂಡಿಸಲು ಹೋದರೆ ಹೆಗಲ ಬಳಿ ಸುಕ್ಕು.

ಒಂದು ಹೆಗಲು ಹೊಲಿದು, 10ನೇ ಕಡ್ಡಿಯಲ್ಲಿ ಕತ್ತಿನ ಸುತ್ತ ಕುಣಿಕೆ ಎತ್ತಿಕೊಳ್ಳಿ: ಹಿಂದೆ 34, ಮುಂದೆ 16, ಎರಡು ಇಳಿಜಾರಿನಲ್ಲಿ ತಲಾ 16, ಒಟ್ಟು 82. ಆರು ಸಾಲು ಬಾರ್ಡರ್ ಹೆಣೆದು, ಮುಚ್ಚುವಾಗ 8ನೇ ಕಡ್ಡಿ ಹಿಡಿಯಿರಿ. ಬಿಗಿಯಾಗಿ ಮುಚ್ಚಿದ ಕತ್ತಿನಲ್ಲಿ ತಲೆ ತೂರುವುದಿಲ್ಲ. ತುಂಬ ಜನ ಸೋಲುವುದು ಈ ಕೊನೆಯ ಸಾಲಿನಲ್ಲಿ.

ದಾರದ ತುದಿಗಳನ್ನು 6 ಇಂಚಾದರೂ ಬಿಟ್ಟು, ಗಂಟು ಹಾಕದೆ, ಅದೇ ಬಣ್ಣದ ಪಟ್ಟೆಯೊಳಗೆ ಸೂಜಿಯಿಂದ ಹಾಯಿಸಿ. ತೊಳೆದ ಮೇಲೆ ಹಿಂಡಬೇಡಿ, ತಂತಿಗೆ ನೇತುಹಾಕಬೇಡಿ. ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಚಾಪೆಯ ಮೇಲೆ ಅಳತೆಗೆ ಹರಡಿ ನೆರಳಿನಲ್ಲಿ ಒಣಗಿಸಿ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಲೇಬೇಡಿ: ಕಾವಿಗೆ ದಾರ ಮೆತ್ತಗಾಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

ಈಗ 8ನೇ ಕಡ್ಡಿ ತೆಗೆದುಕೊಂಡು 30 ಕುಣಿಕೆ ಏರಿಸಿ. ಮೊದಲ 10 ಸಾಲು ಒಂದೇ ಬಣ್ಣ, ಆಮೇಲೆ ಬಳ್ಳಿ. ಅಳೆಯಲು ಟೇಪು ಈ ಮೇಜಿನ ಮೇಲಿದೆ.