ಶೆನಂಡೋವಾ: ಕಲ್ಲಿದ್ದಲಿನ ಊರಿನ ಚರ್ಚ್‌ಗಳು

ಈಗ ನಿಮಗೆ ಕಾಣುತ್ತಿರುವುದು ಶೆನಂಡೋವಾ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಬೆಟ್ಟಗಳ ನಡುವೆ ಇರುವ ಪುಟ್ಟ ಊರು. ಬೆಳಿಗ್ಗೆ ಕಾರು ನಿಲ್ಲಿಸಿದ್ದು, ಆಗಿನಿಂದ ನಡೆದೇ ಸುತ್ತುತ್ತಿದ್ದೇನೆ. ಇಷ್ಟು ಸಣ್ಣ ಊರಿನಲ್ಲಿ ಒಂದು ಕಾಲಕ್ಕೆ ಕಥೋಲಿಕರದ್ದೇ ಎಷ್ಟು ಚರ್ಚ್ ಇದ್ದವು ಗೊತ್ತಾ? ಐರ್ಲೆಂಡಿನವರಿಗೆ ಒಂದು, ಜರ್ಮನರಿಗೆ ಒಂದು, ಪೋಲೆಂಡಿನವರಿಗೆ ಎರಡು. ಲಿಥುವೇನಿಯಾದವರಿಗೆ, ಸ್ಲೊವಾಕರಿಗೆ, ಇಟಲಿಯವರಿಗೆ, ಉಕ್ರೇನಿನವರಿಗೆ ಒಂದೊಂದು.

ಎಲ್ಲರೂ ಕಥೋಲಿಕರೇ. ಎಲ್ಲರಿಗೂ ಪೋಪ್ ಒಬ್ಬರೇ. ಹಾಗಿದ್ದ ಮೇಲೆ ಇಷ್ಟೊಂದು ಚರ್ಚ್ ಯಾಕೆ? ಇದೊಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತ್ತು, ಅದಕ್ಕೇ ಇಲ್ಲಿಗೆ ಬಂದೆ.

ಊರು ಹುಟ್ಟಿದ್ದು ಆಂಥ್ರಸೈಟ್‌ನಿಂದ. ಅಂದರೆ ಗಟ್ಟಿ ಕಲ್ಲಿದ್ದಲು, ಹೊಗೆ ಕಡಿಮೆ, ಕಾವು ಜಾಸ್ತಿ. ಅದನ್ನು ಅಗೆಯಲು ಮೊದಲು ಬಂದವರು ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್, ಜರ್ಮನಿಯವರು. 1870ರ ದಶಕದಿಂದ ಪೂರ್ವ ಯುರೋಪಿನವರು ಬರತೊಡಗಿದರು. 1910ರ ಜನಗಣತಿಯಲ್ಲಿ ಇಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಇದ್ದರು. ಈಗ 5 ಸಾವಿರವೂ ಇಲ್ಲ. ಆ ಜನಜಂಗುಳಿಯನ್ನು ನೆನೆಸಿಕೊಂಡು ಈ ಖಾಲಿ ಬೀದಿ ನೋಡಿ.

ನನ್ನ ಪ್ರಶ್ನೆಗೆ ಬರುತ್ತೇನೆ. ಆ ಕಾಲದಲ್ಲಿ ಬಲಿಪೂಜೆ, ಅಂದರೆ ಚರ್ಚ್‌ನ ಮುಖ್ಯ ಪೂಜೆ, ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಐರಿಷ್ ಚರ್ಚ್‌ಗೆ ಹೋದರೂ ಅದೇ ಲ್ಯಾಟಿನ್, ಪೋಲಿಷ್ ಚರ್ಚ್‌ಗೆ ಹೋದರೂ ಅದೇ ಲ್ಯಾಟಿನ್. ಹಾಗಾಗಿ ಪೂಜೆಗಾಗಿ ಯಾರೂ ಬೇರೆ ಚರ್ಚ್ ಕಟ್ಟಬೇಕಾಗಿರಲಿಲ್ಲ. ಕಟ್ಟಿದ್ದು ಪ್ರಸಂಗಕ್ಕೆ, ಅಂದರೆ ಪಾದ್ರಿಯ ಉಪದೇಶಕ್ಕೆ, ಹಾಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಪಾಪನಿವೇದನೆಗೆ. ಸುಮ್ನೆ ಯೋಚಿಸಿ. ವಾರವಿಡೀ ನೆಲದಡಿ ದುಡಿದ ಒಬ್ಬ ಮನುಷ್ಯ ಪಾದ್ರಿಯ ಮುಂದೆ ಮಂಡಿಯೂರುತ್ತಾನೆ. ಮನಸ್ಸಿನಲ್ಲಿರುವ ನಾಚಿಕೆ, ಭಯ, ತಪ್ಪು ಎಲ್ಲ ಹೇಳಿಕೊಳ್ಳಬೇಕು. ಅವನಿಗೆ ಗೊತ್ತಿರುವ ಇಂಗ್ಲಿಷ್ ಅಂದರೆ ಗಣಿಯ ಮೇಸ್ತ್ರಿ ಕೂಗುವ ನಾಲ್ಕು ಮಾತು. ಆ ನಾಲ್ಕು ಮಾತಲ್ಲಿ ಏನು ಹೇಳಿಕೊಳ್ಳುತ್ತಾನೆ?

ಹೀಗೆ ಭಾಷೆಗೊಂದು ಧರ್ಮಕೇಂದ್ರ, ಅಂದರೆ ಒಂದು ಚರ್ಚ್‌ಗೆ ಸೇರಿದ ಭಕ್ತರ ಸಮುದಾಯ, ಬೆಳೆಯಿತು. ಮಾಮೂಲಿ ಧರ್ಮಕೇಂದ್ರಕ್ಕೆ ಇಂಥ ಬೀದಿಯಿಂದ ಇಂಥ ಬೀದಿವರೆಗೆ ಅಂತ ಗಡಿ ಇರುತ್ತದೆ. ಇವುಗಳಿಗೆ ಆ ಗಡಿ ಇರಲಿಲ್ಲ, ನಿಮ್ಮ ನಾಲಿಗೆಯೇ ಗಡಿ.

ಇಲ್ಲೂ ಜಗಳ ಇತ್ತು. 1870ರ ದಶಕದಲ್ಲಿ ಪೋಲೆಂಡಿನವರೂ ಲಿಥುವೇನಿಯಾದವರೂ ಸೇರಿ ಸೇಂಟ್ ಕ್ಯಾಸಿಮಿರ್ ಚರ್ಚ್ ಶುರು ಮಾಡಿದರು. ಹಳೆಯ ನಾಡಿನಲ್ಲಿ ಶತಮಾನಗಳ ಕಾಲ ಒಂದೇ ರಾಜ್ಯದಲ್ಲಿ ಬಾಳಿದವರು, ಒಟ್ಟಿಗೆ ಇರಬಹುದು ಅಂದುಕೊಂಡರು. ಆಗಲಿಲ್ಲ. ಪ್ರಸಂಗ ಯಾವ ಭಾಷೆಯಲ್ಲಿ ಅನ್ನುವಲ್ಲಿಗೆ ಮನಸ್ಸು ಮುರಿಯಿತು. ಲಿಥುವೇನಿಯಾದವರು ಹೊರಬಂದು ಸೌತ್ ಜಾರ್ಡಿನ್ ಸ್ಟ್ರೀಟ್‌ನಲ್ಲಿ ಸೇಂಟ್ ಜಾರ್ಜ್ ಚರ್ಚ್ ಕಟ್ಟಿದರು, 1890ರ ದಶಕದಲ್ಲಿ. ಜೋಡಿ ಗೋಪುರದ ದೊಡ್ಡ ಕಲ್ಲಿನ ಚರ್ಚ್, ಗಣಿ ಕೂಲಿಯ ದುಡ್ಡಿನಲ್ಲಿ ಕಟ್ಟಿದ್ದು. ಅದರ ಕಥೆ ಆಮೇಲೆ ಹೇಳುತ್ತೇನೆ.

ಚರ್ಚ್ ಕಟ್ಟಿದವರು ಕೂಲಿಗಳು, ಆಸ್ತಿ ಪತ್ರ ಇರುತ್ತಿದ್ದದ್ದು ಬಿಷಪ್ ಹೆಸರಿನಲ್ಲಿ. ಬಿಷಪ್‌ಗಳಲ್ಲಿ ಬಹುಪಾಲು ಐರಿಷ್ ಮೂಲದವರು. ಇಲ್ಲೇ ಹತ್ತಿರದ ಸ್ಕ್ರಾಂಟನ್‌ನಲ್ಲಿ ಈ ವಿಷಯ ಎಷ್ಟು ಬಿಗಡಾಯಿಸಿತು ಅಂದರೆ, 1897ರಲ್ಲಿ ಫಾದರ್ ಫ್ರಾನ್ಸಿಸ್ ಹೋದೂರ್ ಜೊತೆ ನಿಂತ ಪೋಲಿಷ್ ಜನ ರೋಮ್‌ನಿಂದಲೇ ದೂರ ಸರಿದರು. ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್ ಹುಟ್ಟಿದ್ದು ಹಾಗೆ.

ಈಗ ನಾನು ನಿಂತಿರುವುದು ಸೇಂಟ್ ಮೈಕಲ್ ಚರ್ಚ್ ಮುಂದೆ. ಗುಮ್ಮಟ ನೋಡಿದರೆ ಇದು ಬೇರೆ ಸಂಪ್ರದಾಯ ಅಂತ ಗೊತ್ತಾಗುತ್ತದೆ ಅಲ್ವಾ? ಅಮೆರಿಕದ ಮೊದಲ ಗ್ರೀಕ್ ಕಥೋಲಿಕ ಧರ್ಮಕೇಂದ್ರ ಇದು. ಈ ಜನ ಪೋಪ್‌ಗೆ ಸೇರಿದವರೇ, ಆದರೆ ಪೂಜಾಕ್ರಮ ಪೂರ್ವದ್ದು. ಪೂಜೆ ಹಳೆಯ ಸ್ಲಾವೋನಿಕ್ ಭಾಷೆಯಲ್ಲಿ. ಪಾದ್ರಿಗಳಾಗುವ ಮುಂಚೆ ಮದುವೆಯಾಗುವ ಪದ್ಧತಿಯೂ ಅವರಲ್ಲಿ ಉಂಟು. ಆಗಿನ ಆಸ್ಟ್ರಿಯಾ-ಹಂಗೇರಿಯ ಗಲೀಷಿಯಾದಿಂದ, ಅಂದರೆ ಇವತ್ತಿನ ಉಕ್ರೇನ್-ಪೋಲೆಂಡ್ ಕಡೆಯಿಂದ, ಬಂದ ಗಣಿ ಕಾರ್ಮಿಕರು, ನಮಗೊಬ್ಬ ಗುರುಗಳನ್ನು ಕಳಿಸಿಕೊಡಿ ಅಂತ ಊರಿಗೆ ಪತ್ರ ಬರೆದರು. 1884ರಲ್ಲಿ ಫಾದರ್ ಇವಾನ್ ವೊಲ್ಯಾನ್ಸ್ಕಿ ಬಂದರು, ಹೆಂಡತಿಯ ಜೊತೆ.

ಸಮುದ್ರ ದಾಟಿ ಬಂದ ಆ ಗುರುಗಳಿಗೆ ಸಿಕ್ಕ ಸ್ವಾಗತ ಕೇಳಿದರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ. ಮದುವೆಯಾದವರು ಅನ್ನುವ ಕಾರಣಕ್ಕೆ ಫಿಲಡೆಲ್ಫಿಯಾದ ಮಹಾಧರ್ಮಾಧ್ಯಕ್ಷರ, ಅಂದರೆ ಆರ್ಚ್‌ಬಿಷಪ್‌ರ, ಕಚೇರಿ ಅವರನ್ನು ಪಾದ್ರಿ ಅಂತ ಒಪ್ಪಲೇ ಇಲ್ಲ. ಅವರು ಬಾಡಿಗೆ ಹಾಲ್‌ನಲ್ಲಿ ಪೂಜೆ ಶುರು ಮಾಡಿದರು. ಬಂದಿದ್ದು 1884ರ ಕೊನೆಗೆ, ಹೋಗಿದ್ದು 1889ರಲ್ಲಿ. ಅಷ್ಟರೊಳಗೆ ಚರ್ಚ್ ಕಟ್ಟಿಸಿದರು, ಶಾಲೆ, ಹಾಡುವ ತಂಡ, ಸಹಕಾರಿ ಅಂಗಡಿ ಮಾಡಿದರು. 1886ರಲ್ಲಿ 'ಅಮೆರಿಕಾ' ಅನ್ನುವ ಪತ್ರಿಕೆಯನ್ನೂ ತಂದರು. ನಿಯಮ ಮಾತ್ರ ಇನ್ನೂ ಬಿಗಿಯಾಯಿತು. ಮದುವೆಯಾದ ಪಾದ್ರಿಗಳು ಅಮೆರಿಕದಲ್ಲಿ ಸೇವೆ ಮಾಡುವ ಹಾಗಿಲ್ಲ ಅಂತ ರೋಮ್ 1890ರಲ್ಲೂ 1929ರಲ್ಲೂ ಹೇಳಿತು. ಅದನ್ನು ತೆಗೆದುಹಾಕಿದ್ದು ಪೋಪ್ ಫ್ರಾನ್ಸಿಸ್, 2014ರಲ್ಲಿ.

1980ರಲ್ಲಿ ಈ ಚರ್ಚ್ ಬೆಂಕಿಗೆ ಸಿಕ್ಕಿ ನಾಶವಾಯಿತು. ಜನ ಮತ್ತೆ ಕಟ್ಟಿಕೊಂಡರು. ಈಗ ನೀವು ನೋಡುತ್ತಿರುವುದು ಆ ಹೊಸ ಕಟ್ಟಡ.

ಚರ್ಚ್ ಅಂದರೆ ಬರೀ ಪೂಜೆಯ ಜಾಗ ಆಗಿರಲಿಲ್ಲ. ಗಣಿ ಕುಸಿದು ಮನೆಯ ಯಜಮಾನ ಸತ್ತರೆ ಹೆಂಡತಿ ಮಕ್ಕಳಿಗೆ ಗತಿ ಯಾರು? ಆಗಿನ್ನೂ ಸರ್ಕಾರದ ಪರಿಹಾರ ಇರಲಿಲ್ಲ. ಅದಕ್ಕೇ ಧರ್ಮಕೇಂದ್ರಕ್ಕೊಂದು ಸಹೋದರ ಸಂಘ. ತಿಂಗಳು ತಿಂಗಳು ಎಲ್ಲರೂ ಇಷ್ಟಿಷ್ಟು ಹಾಕುವುದು, ಯಾರಾದರೂ ತೀರಿಕೊಂಡರೆ ಮಣ್ಣಿನ ಖರ್ಚಿಗೂ ಮನೆಯವರ ಕೈಗೂ ಒಂದಿಷ್ಟು ಕೊಡುವುದು. ಇಂಥ ಸಂಘಗಳೇ ಒಂದಾಗಿ 1894ರಲ್ಲಿ ಹತ್ತಿರದ ಶಮೋಕಿನ್ ಊರಿನಲ್ಲಿ ದೊಡ್ಡ ಒಕ್ಕೂಟವಾಯಿತು. ಇವತ್ತಿನ ಉಕ್ರೇನಿಯನ್ ನ್ಯಾಷನಲ್ ಅಸೋಸಿಯೇಷನ್ ಅದೇ.

ಹೆಂಗಸರ ದುಡಿಮೆ ಬೇರೆ. ಚರ್ಚ್‌ನ ನೆಲಮಾಳಿಗೆಯಲ್ಲಿ ಸೇರಿ ಪಿರೋಗಿ ಮಾಡಿ ಮಾರುತ್ತಿದ್ದರು. ಪಿರೋಗಿ ಅಂದರೆ ಆಲೂಗಡ್ಡೆ ಹೂರಣದ ಕಡುಬು ಅಂದುಕೊಳ್ಳಿ. ಅಂಚನ್ನು ಬೆರಳಲ್ಲಿ ಒತ್ತಿ ಒತ್ತಿ ಮುಚ್ಚಿ, ನೀರಲ್ಲಿ ಬೇಯಿಸಿ, ಬೆಣ್ಣೆ ಮತ್ತು ಈರುಳ್ಳಿಯಲ್ಲಿ ಹೊರಳಿಸುತ್ತಾರೆ. 1952ರಲ್ಲಿ ಟೆಡ್ ಟ್ವಾರ್ಡ್ಜಿಕ್ ಅನ್ನುವವರು ತಾಯಿಯ ಅಡುಗೆಮನೆಯಿಂದಲೇ ಇದರ ವ್ಯಾಪಾರ ಶುರು ಮಾಡಿದರು. ಮಿಸೆಸ್ ಟೀಸ್ ಪಿರೋಗಿ ಈಗ ಅಮೆರಿಕದ ತುಂಬಾ ಸಿಗುತ್ತದೆ, ತಯಾರಾಗುವುದು ಈ ಊರಿನಲ್ಲೇ.

ಊರಾಚೆಯ ಗುಡ್ಡದಲ್ಲಿ ಸ್ಮಶಾನಗಳಿವೆ. ಅವೂ ಭಾಷೆಗೊಂದು. ಒಂದು ಕಲ್ಲಿನ ಮೇಲೆ 'ಚ್ಯಾ ಇಲ್ಸಿಸಿ' ಅಂತ ಇದೆ. ಲಿಥುವೇನಿಯನ್ ಭಾಷೆಯಲ್ಲಿ 'ಇಲ್ಲಿ ವಿಶ್ರಮಿಸಿದ್ದಾರೆ' ಅಂತ ಅರ್ಥ. ಅಕ್ಷರದ ಗುಂಡಿಗಳಲ್ಲಿ ಪಾಚಿ ತುಂಬಿದೆ, ಬೆರಳಾಡಿಸಿ ಓದಬೇಕಾಯಿತು. ಅದರ ಪಕ್ಕದಲ್ಲೇ ಮಗನ ಕಲ್ಲು. ಅದು ಪೂರ್ತಿ ಇಂಗ್ಲಿಷ್. ಅಡ್ಡಹೆಸರಿನ ಬಾಲವನ್ನೂ ಕತ್ತರಿಸಿದ್ದಾರೆ. ಈ ಎರಡು ಕಲ್ಲಿನ ನಡುವೆ ನಾನು ತುಂಬಾ ಹೊತ್ತು ನಿಂತಿದ್ದೆ.

ಜಗತ್ತಿನ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1960ರ ದಶಕದಲ್ಲಿ, ಬಲಿಪೂಜೆ ಇಂಗ್ಲಿಷ್‌ಗೆ ಬಂತು. ಅಷ್ಟು ಹೊತ್ತಿಗೆ ಮೊಮ್ಮಕ್ಕಳ ಭಾಷೆಯೂ ಇಂಗ್ಲಿಷ್ ಆಗಿತ್ತು, ಗಣಿಗಳೂ ಮುಚ್ಚುತ್ತಾ ಬಂದಿದ್ದವು. 2006ರಲ್ಲಿ, ಕಟ್ಟಡ ಅಪಾಯದಲ್ಲಿದೆ ಅಂತ ಧರ್ಮಪ್ರಾಂತ್ಯ, ಅಂದರೆ ಬಿಷಪ್ ಆಡಳಿತ, ಸೇಂಟ್ ಜಾರ್ಜ್ ಚರ್ಚ್‌ಗೆ ಬೀಗ ಹಾಕಿತು. ಭಕ್ತರು ಕೋರ್ಟಿಗೆ ಹೋದರು, ರೋಮ್‌ವರೆಗೂ ಮೊರೆ ಹೋದರು. ಆದರೂ 2010ರ ಹೊತ್ತಿಗೆ ಜೋಡಿ ಗೋಪುರ ನೆಲ ಸೇರಿತು. ಮುರಿದ ಕಟ್ಟಡಕ್ಕೆ ಅಷ್ಟೊಂದು ಹಟ ಯಾಕೆ ಅಂತ ಕೆಲವರು ಕೇಳುತ್ತಾರೆ. ಮುತ್ತಜ್ಜ ಕೂಲಿಯಲ್ಲಿ ಉಳಿಸಿ ಕೊಟ್ಟ ಕಲ್ಲು ಅದು, ಹಟ ಹಿಡಿಯದೆ ಇರಲು ಹೇಗೆ ಸಾಧ್ಯ? 2014ರಲ್ಲಿ ಉಳಿದ ರೋಮನ್ ಕಥೋಲಿಕ ಧರ್ಮಕೇಂದ್ರಗಳೆಲ್ಲ ಸೇರಿ ಡಿವೈನ್ ಮರ್ಸಿ ಅನ್ನುವ ಒಂದೇ ಧರ್ಮಕೇಂದ್ರವಾಯಿತು.

ಸಂಜೆ ಕಾರು ತಿರುಗಿಸಿ ಸೆಂಟ್ರೇಲಿಯಾಕ್ಕೆ ಬಂದೆ, ಇಲ್ಲಿಂದ ಸ್ವಲ್ಪವೇ ದೂರ. 1962ರಿಂದ ಈ ಊರಿನ ನೆಲದಡಿಯ ಕಲ್ಲಿದ್ದಲು ಉರಿಯುತ್ತಲೇ ಇದೆ. ಸಾವಿರಕ್ಕೂ ಹೆಚ್ಚು ಜನ ಇದ್ದ ಊರು ಖಾಲಿಯಾಯಿತು. ಮನೆಗಳು ಹೋದವು. ಸೇಂಟ್ ಇಗ್ನೇಷಿಯಸ್ ಚರ್ಚನ್ನು 1997ರಲ್ಲಿ ಕೆಡವಿದರು. ಆದರೆ ಮೇಲೆ ನೋಡಿ, ಮರಗಳ ನಡುವೆ ಬಿಳಿ ಗೋಡೆ, ನೀಲಿ ಗುಮ್ಮಟ. 1911ರಲ್ಲಿ ಉಕ್ರೇನಿನವರು ಕಟ್ಟಿದ ಚರ್ಚ್. ಪರೀಕ್ಷೆ ಮಾಡಿಸಿದಾಗ ಅದರ ಕೆಳಗೆ ಕಲ್ಲಿದ್ದಲಿಲ್ಲ, ಗಟ್ಟಿ ಬಂಡೆ ಇದೆ ಅಂತ ಗೊತ್ತಾಯಿತು. ಹಾಗಾಗಿ ಉಳಿಯಿತು.

ಕೆಳಗೆ ಊರೇ ಇಲ್ಲ. ಆದರೂ ಭಾನುವಾರ ಬಂತೆಂದರೆ ಸುತ್ತಲಿನ ಊರುಗಳಿಂದ ಜನ ಕಾರು ಹತ್ತಿ ಈ ಗುಡ್ಡಕ್ಕೆ ಪೂಜೆಗೆ ಬರುತ್ತಾರೆ.