ಟರ್ಬೊ ಆಮೇಲೆ, ಮೊದಲು ಬ್ರೇಕು

ಎಲ್ಲರಿಗೂ ನಮಸ್ಕಾರ.

ಟ್ರ್ಯಾಕ್ ಕಾರು ಕಟ್ಟಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ. ನನಗೂ ಹಾಗೇ ಆಗಿತ್ತು. ಖಂಡಿತ ಹಾಕಿಸಿ, ತಕರಾರಿಲ್ಲ. ಆದರೆ ಎಲ್ಲಕ್ಕಿಂತ ಕೊನೆಗೆ ಹಾಕಿಸಿ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ.

1,200 ಕೆಜಿ ತೂಕದ ಕಾರು, ಗಂಟೆಗೆ 180 ಕಿಮೀ ವೇಗ. ಅದನ್ನು ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಎಷ್ಟು ಗೊತ್ತಾ? 30 ಡಿಗ್ರಿಯ ಐದು ಲೀಟರ್ ನೀರನ್ನು 100 ಡಿಗ್ರಿಗೆ ಏರಿಸುವಷ್ಟು. ಅದೂ ಕೆಲವೇ ಸೆಕೆಂಡುಗಳಲ್ಲಿ. ಟ್ರ್ಯಾಕ್‌ನಲ್ಲಿ ಪೂರ್ತಿ ನಿಲ್ಲಿಸುವುದಿಲ್ಲ, ನಿಜ. ಆದರೆ ತಿರುವು ಬಂದಾಗಲೆಲ್ಲ ಬ್ರೇಕ್ ಒತ್ತುತ್ತಲೇ ಇರಬೇಕು. ಡಿಸ್ಕ್ ಆರಲು ಪುರುಸೊತ್ತೇ ಸಿಗುವುದಿಲ್ಲ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಇದರ ಮೇಲೆ ಟರ್ಬೊ ಬೇರೆ!

ನನ್ನ ಮೊದಲ ಕಾರಿಗೆ, ಡಿಸ್ಕನ್ನು ಅದುಮಿ ಹಿಡಿಯುವ ದುಬಾರಿ ರೇಸಿಂಗ್ ಪ್ಯಾಡ್ ಹಾಕಿದ್ದೆ. ಪೆಡಲ್ ಒತ್ತಿದ ಬಲವನ್ನು ಪ್ಯಾಡ್‌ಗೆ ಮುಟ್ಟಿಸುವ ದ್ರವ, ಅಂದರೆ ಬ್ರೇಕ್ ಫ್ಲೂಯಿಡ್ ಮಾತ್ರ ಹಳೆಯದೇ. ಐದನೇ ಲ್ಯಾಪ್‌ನಲ್ಲಿ ಪೆಡಲ್ ಒತ್ತಿದರೆ ಹತ್ತಿ ದಿಂಬು ತುಳಿದ ಹಾಗಾಯಿತು. ಪೆಡಲ್ ಸೀದಾ ನೆಲ ಮುಟ್ಟಿತು. ಎರಡು ಮೂರು ಸಲ ಪಟಪಟ ಒತ್ತಿದ ಮೇಲೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಕಾರು ಜಲ್ಲಿಯಲ್ಲಿ ಹೂತು ಹೋಗಿತ್ತು.

ಈ ಫ್ಲೂಯಿಡ್ ಸುಮ್ನೆ ಕೂತಲ್ಲೇ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಫ್ಲೂಯಿಡ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ 155 ಡಿಗ್ರಿ ಇದ್ದರೂ ನಿಯಮದ ಪ್ರಕಾರ ಪಾಸ್. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ, ಪ್ಯಾಡ್‌ವರೆಗೆ ತಲುಪುವುದೇ ಇಲ್ಲ. ನನ್ನ ದುಬಾರಿ ಪ್ಯಾಡ್ ಪಾಪ ಏನು ಮಾಡೀತು?

ಒಂದು ಪಾರ್ಟ್ ಬದಲಿಸಿದರೆ ಪಕ್ಕದ್ದಕ್ಕೆ ಕಷ್ಟ ಶುರು. ಟೈರನ್ನೇ ನೋಡಿ. ಸೆಮಿ ಸ್ಲಿಕ್, ಅಂದರೆ ಗೀರು ಕಡಿಮೆ ಇರುವ ಟ್ರ್ಯಾಕ್ ಟೈರು ಹಾಕಿದಿರಿ, ಹಿಡಿತ ಜಾಸ್ತಿ ಆಯಿತು, ತಿರುವಿನಲ್ಲಿ ವೇಗವೂ ಜಾಸ್ತಿ. ತುಂಬಿದ ಬಕೆಟ್ ಹಿಡಿದು ಗಿರ್ರನೆ ತಿರುಗಿದರೆ ನೀರು ಒಂದು ಮಗ್ಗುಲಿಗೆ ಏರುತ್ತದೆ ಅಲ್ವಾ? ಸಂಪ್‌ನಲ್ಲಿ, ಅಂದರೆ ಎಂಜಿನ್ ಅಡಿಯ ತೊಟ್ಟಿಯಲ್ಲಿರುವ ಆಯಿಲ್ ಕಥೆಯೂ ಅದೇ. ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ, ಬೇರಿಂಗ್ ಒಣಗಿ ಸವೆಯುತ್ತದೆ. ಬದಲಿಸಿದ್ದು ಟೈರು, ಹೋದದ್ದು ಎಂಜಿನ್! ಹಾಗಾಗಿ ಅಂಥ ಟೈರು ತರುವ ಮೊದಲೇ ಒಳಗೆ ತಡೆಗೋಡೆ ಇರುವ ಸಂಪ್ ಕೂರಿಸಿ.

ಸಸ್ಪೆನ್ಷನ್ ವಿಷಯ ಚುಟುಕಾಗಿ ಹೇಳುತ್ತೇನೆ. ಅಂದಕ್ಕೆಂದು ಕಾರನ್ನು ತೀರಾ ತಗ್ಗಿಸಬೇಡಿ. ನಾಲ್ಕು ಚಕ್ರಗಳ ಮೇಲೆ ಬೀಳುವ ಭಾರ ತೂಗುವಾಗ ಡ್ರೈವರ್ ಒಳಗೆ ಕೂತಿರಲಿ. ಬಹಳ ಜನ ಇದನ್ನೇ ಮರೆಯುತ್ತಾರೆ.

ಸೀಟು, ಆರು ಪಟ್ಟಿಯ ಬೆಲ್ಟು, ಛಾವಣಿ ಕುಸಿಯದಂತೆ ಒಳಗೆ ಕೂರಿಸುವ ಉಕ್ಕಿನ ಪಂಜರ ಅಂದರೆ ರೋಲ್ ಕೇಜ್, ಈ ಮೂರೂ ಒಟ್ಟಿಗೇ ಬರಬೇಕು. ಕೇಜ್ ಇಲ್ಲದೆ ಬೆಲ್ಟ್ ಮಾತ್ರ ಹಾಕಿದರೆ, ಕಾರು ಪಲ್ಟಿಯಾಗಿ ಛಾವಣಿ ಕುಸಿಯುವಾಗ ಆ ಬೆಲ್ಟೇ ನಿಮ್ಮನ್ನು ನೆಟ್ಟಗೆ ಕೂರಿಸಿ ಹಿಡಿದಿರುತ್ತದೆ. ಭುಜ ಅಲ್ಲಾಡದಂತೆ ಕಟ್ಟಿದ ಮೇಲೆ ಕುತ್ತಿಗೆಗೂ ಆಸರೆ ಬೇಕು. ಅದಕ್ಕೇ ಇರುವುದು ಹಾನ್ಸ್, ತಲೆ ಮುಂದಕ್ಕೆ ಎಸೆಯದಂತೆ ಹೆಲ್ಮೆಟ್ಟನ್ನು ಹಿಡಿದಿಡುವ ಸಾಧನ. ಫಾರ್ಮುಲಾ ಒನ್‌ನಲ್ಲಿ 2003ರಿಂದ ಅದು ಕಡ್ಡಾಯ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಮೇಜಿನ ಮೇಲೆ ಎರಡು ಶೀಶೆ ಇಟ್ಟಿದ್ದೇನೆ. ಒಂದರಲ್ಲಿ ಹೊಸ ಬ್ರೇಕ್ ಫ್ಲೂಯಿಡ್, ಇನ್ನೊಂದರಲ್ಲಿ ಅವತ್ತು ನನ್ನ ಕಾರಿನಿಂದ ಬಸಿದದ್ದು. ಹೋಗುವಾಗ ಬಣ್ಣ ನೋಡಿಕೊಂಡು ಹೋಗಿ. ಮುಚ್ಚಳ ಮಾತ್ರ ತೆಗೆಯಬೇಡಿ, ಅದು ಕಾರಿನ ಪೇಂಟನ್ನೇ ಎಬ್ಬಿಸುತ್ತದೆ.